ಸಂರಕ್ಷಣೆ ಎಂಬ ಮಾತು: ಅಟ್ಲಾಂಟಿಕ್ ಟ್ಯೂನಾ ಒಡಂಬಡಿಕೆಯ ವಿಮರ್ಶೆ

೧

ವಿಮರ್ಶೆಯೆಂದರೆ ಕಾವ್ಯನಾಟಕಗಳ ಗುಣದೋಷವಿವೇಚನೆ ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಶಾಸನ, ಕರಾರು, ಒಡಂಬಡಿಕೆ ಮೊದಲಾದ ಬರಹಗಳನ್ನು ವಕೀಲರಿಗೂ ಚರಿತ್ರಕಾರರಿಗೂ ಒಪ್ಪಿಸಿ ಸಾಹಿತ್ಯದ ವಿದ್ಯಾರ್ಥಿ ದೂರ ಸರಿದು ನಿಲ್ಲುವುದೇ ವಾಡಿಕೆ. ಆದರೆ ಈ ಬರಹಗಳೂ ಮಾತಿನಿಂದಲೇ ಆದವು. ಇವುಗಳಲ್ಲಿಯೂ ಬರೆದವರು ಒಂದು ಪದವನ್ನು ಆರಿಸಿಕೊಂಡು ಮತ್ತೊಂದನ್ನು ಬಿಟ್ಟಿರುತ್ತಾರೆ. ಕವಿಯ ಪದ ಸಡಿಲವಾದರೆ ಒಂದು ಪದ್ಯ ಕೆಡುತ್ತದೆ. ಒಡಂಬಡಿಕೆಯ ಪದ ಸಡಿಲವಾದರೆ ಅದರ ಫಲವನ್ನು ಅದನ್ನು ಎಂದೂ ಓದದವರು ಉಣ್ಣಬೇಕಾಗುತ್ತದೆ. ಆದಕಾರಣ ಅಂಥ ಒಂದು ಬರಹವನ್ನು ವಿಮರ್ಶೆಯ ದೃಷ್ಟಿಯಿಂದ ಪರಿಶೀಲಿಸುವುದು ಅಪ್ರಸ್ತುತವಾಗಲಾರದು.

ಪ್ರಕೃತ ಲೇಖನಕ್ಕೆ ವಿಷಯವಾದದ್ದು ಅಟ್ಲಾಂಟಿಕ್ ಸಾಗರದ ಟ್ಯೂನಾ ಮೀನುಗಳ ಸಂರಕ್ಷಣೆಗಾಗಿ ೧೯೬೬ರ ಮೇ ತಿಂಗಳಿನಲ್ಲಿ ಬ್ರೆಜಿಲಿನ ರಿಯೊ ಡಿ ಜನೈರೊ ನಗರದಲ್ಲಿ ಸಿದ್ಧವಾಗಿ, ೧೯೬೯ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಡಂಬಡಿಕೆ. ಇದರಿಂದ ಹುಟ್ಟಿದ ಆಯೋಗದ ಕಚೇರಿ ಸ್ಪೇನಿನ ಮ್ಯಾಡ್ರಿಡ್ಡಿನಲ್ಲಿದೆ. ಐವತ್ತಕ್ಕೂ ಹೆಚ್ಚು ರಾಷ್ಟ್ರಗಳು ಇಂದು ಅದರ ಸದಸ್ಯರಾಗಿವೆ. ಬರಹ ದೀರ್ಘವಾದುದಲ್ಲ, ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಆದರೆ ಅದರ ಕೆಲವು ಪದಗಳ ಬೆಲೆಯನ್ನು ತಿಳಿಯುವುದಕ್ಕೆ ಲೋಕಕ್ಕೆ ಅರ್ಧ ಶತಮಾನ ಹಿಡಿಯಿತು.

ಒಡಂಬಡಿಕೆಯ ನಿಜವಾದ ಪರೀಕ್ಷೆ ನಡೆದದ್ದು ಅಟ್ಲಾಂಟಿಕ್ ಸಾಗರದ ನೀಲಿರೆಕ್ಕೆಯ ಟ್ಯೂನಾ ಎಂಬ ಒಂದು ಮೀನಿನ ವಿಷಯದಲ್ಲಿ. ನಮ್ಮ ಕರಾವಳಿಯವರು ಕೇದರ್ ಎಂದು ಕರೆಯುವ ಮೀನಿನ ಬಳಗಕ್ಕೇ ಸೇರಿದುದಾದರೂ ಗಾತ್ರದಲ್ಲಿ ಇದು ಬೇರೆಯೇ ಆದ ಜೀವಿ. ಮೂರು ಮೀಟರು ಉದ್ದ, ೬೦೦ ಕಿಲೋಗ್ರಾಮಿಗೂ ಮೀರಿದ ತೂಕಕ್ಕೆ ಇದು ಬೆಳೆಯಬಲ್ಲುದು. ನಾಲ್ವತ್ತು ವರ್ಷದವರೆಗೆ ಬದುಕುವುದುಂಟು. ಸುತ್ತಲಿನ ನೀರಿಗಿಂತ ಮೈಯನ್ನು ಬೆಚ್ಚಗೆ ಇಟ್ಟುಕೊಳ್ಳುವ ರಕ್ತನಾಳಗಳ ಏರ್ಪಾಡು ಇದಕ್ಕುಂಟು. ಆ ಬಲದಿಂದ ಇದು ನಾರ್ವೆಯ ತಣ್ಣನೆಯ ಕಡಲಿನವರೆಗೂ ಹೋಗಿ ಮೇಯುತ್ತದೆ. ಮೊಟ್ಟೆಯಿಡುವುದು ಮಾತ್ರ ಮುಖ್ಯವಾಗಿ ಎರಡು ಬೆಚ್ಚನೆಯ ಕಡಲುಗಳಲ್ಲಿ: ಪೂರ್ವದಲ್ಲಿ ಮೆಡಿಟರೇನಿಯನ್ ಸಮುದ್ರ, ಪಶ್ಚಿಮದಲ್ಲಿ ಮೆಕ್ಸಿಕೊ ಕೊಲ್ಲಿ. ಹತ್ತಾರು ರಾಷ್ಟ್ರಗಳ ನೀರನ್ನೂ ಯಾರಿಗೂ ಸೇರದ ನೀರನ್ನೂ ದಾಟಿ ಹೋಗುವ ಇಂಥ ಮೀನನ್ನು ಒಂದು ರಾಷ್ಟ್ರದ ಕಾನೂನು ಕಾಯಲಾರದು. ಒಡಂಬಡಿಕೆ ಹುಟ್ಟಿದ್ದು ಈ ಅನಿವಾರ್ಯತೆಯಿಂದ. ಅದರ ಅಗತ್ಯವನ್ನು ಯಾರೂ ಅಲ್ಲಗಳೆಯುವಂತಿಲ್ಲ. ನಮ್ಮ ಪ್ರಶ್ನೆ ಅದರ ಮಾತನ್ನು ಕುರಿತದ್ದು.

೨

ಆಯೋಗದ ಹೆಸರಿನಲ್ಲಿಯೇ ಸಂರಕ್ಷಣೆ ಎಂಬ ಪದವಿದೆ. ಆದರೆ ಒಳಗಣ ವಿಧಿಗಳಲ್ಲಿ ಗುರಿಯನ್ನು ಹೇಳಬೇಕಾದಲ್ಲಿ ಆ ಪದ ಹಿಂದೆ ಸರಿಯುತ್ತದೆ. ಆಹಾರಕ್ಕಾಗಿಯೂ ಇತರ ಉಪಯೋಗಗಳಿಗಾಗಿಯೂ ಸತತವಾಗಿ ಹಿಡಿಯಬಹುದಾದ ಗರಿಷ್ಠ ಪ್ರಮಾಣ ದೊರೆಯುವಷ್ಟು ಮಟ್ಟದಲ್ಲಿ ಮೀನುಗಳ ಸಂಖ್ಯೆಯನ್ನು ಇಟ್ಟುಕೊಳ್ಳಬೇಕು ಎಂಬುದು ಅದರ ಗುರಿಯ ಸಾರ. ಇಲ್ಲಿ ಮೀನು ಸಾಧನ, ಹಿಡಿತ ಸಾಧ್ಯ. ಶೀರ್ಷಿಕೆಗೂ ಒಡಲಿಗೂ ಇರುವ ಈ ಅಂತರವನ್ನು ಓದುಗನು ಮೊದಲು ಗಮನಿಸಬೇಕು.

ಈ ಕಲ್ಪನೆಗೂ ಒಂದು ಚರಿತ್ರೆಯುಂಟು. ಡಚ್ ನ್ಯಾಯಪಂಡಿತ ಹ್ಯೂಗೊ ಗ್ರೋಷಿಯಸ್ ೧೬೦೯ರಲ್ಲಿ ಕಡಲು ಎಲ್ಲರಿಗೂ ಸೇರಿದ್ದೆಂದು ವಾದಿಸಿದಾಗ, ಬಳಸಿದರೂ ಬರಿದಾಗದ ವಸ್ತು ಅದು ಎಂಬುದು ಅವನ ಆಧಾರಗಳಲ್ಲಿ ಒಂದಾಗಿತ್ತು. ೧೮೮೩ರಲ್ಲಿ ಲಂಡನ್ನಿನ ಮೀನುಗಾರಿಕೆಯ ಪ್ರದರ್ಶನದಲ್ಲಿ ಮಾತನಾಡಿದ ಥಾಮಸ್ ಹೆನ್ರಿ ಹಕ್ಸ್‌ಲಿ, ಕಡಲಿನ ದೊಡ್ಡ ಮೀನುಗಾರಿಕೆಗಳು ಬಹುಶಃ ಅಕ್ಷಯವಾದುವೆಂದೇ ಅಭಿಪ್ರಾಯಪಟ್ಟನು. ಇಪ್ಪತ್ತನೆಯ ಶತಮಾನದ ಉಗಿಹಡಗುಗಳು ಈ ನಂಬಿಕೆಯನ್ನು ಮುರಿದುವು. ಅಕ್ಷಯವೆಂಬ ಪದ ಹೋದ ಮೇಲೆ ಅದರ ಸ್ಥಾನದಲ್ಲಿ ಬಂದು ಕುಳಿತದ್ದು ಗರಿಷ್ಠವೆಂಬ ಪದ. ೧೯೪೯ರಲ್ಲಿ ಅಮೆರಿಕ ಸಂಯುಕ್ತಸಂಸ್ಥಾನವೂ ಕೋಸ್ಟರೀಕವೂ ಕೂಡಿ ಪೂರ್ವ ಪೆಸಿಫಿಕ್ ಸಾಗರದ ಟ್ಯೂನಾಗಳಿಗಾಗಿ ಒಂದು ಆಯೋಗವನ್ನು ಸ್ಥಾಪಿಸಲು ಒಪ್ಪಿದುವು. ಅದರ ವಿಜ್ಞಾನಿ ಮಿಲ್ನರ್ ಶೇಫರ್ ೧೯೫೪ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಕಲ್ಪನೆ ಗಣಿತದ ರೂಪವನ್ನು ಪಡೆಯಿತು. ಹಿಡಿಯದೆ ಬಿಟ್ಟ ಮೀನಿನ ಹಿಂಡು ತುಂಬಿ ನಿಂತಿರುತ್ತದೆ, ಬೆಳೆಯುವುದಿಲ್ಲ. ಹಿಡಿದು ಕಡಮೆ ಮಾಡಿದರೆ ಉಳಿದವುಗಳಿಗೆ ಮೇವೂ ಎಡೆಯೂ ಹೆಚ್ಚಿ ಹೊಸ ಬೆಳೆವಣಿಗೆ ಉಂಟಾಗುತ್ತದೆ. ಮೊದಲಿದ್ದುದರ ಅರ್ಧಕ್ಕೆ ಇಳಿದಾಗ ಈ ಬೆಳೆವಣಿಗೆ ಅತ್ಯಧಿಕ. ವರ್ಷವರ್ಷವೂ ಅದನ್ನೇ ಕೊಯ್ಯುತ್ತಿದ್ದರೆ ಬಂಡವಾಳಕ್ಕೆ ಕೈಹಚ್ಚದೆ ಬಡ್ಡಿಯನ್ನು ಉಂಡಂತಾಗುತ್ತದೆ. ಇದು ಆ ವಾದದ ತಿರುಳು.

ವಾದ ಸುಂದರವಾಗಿದೆ. ದೋಷವಿರುವುದು ಅದನ್ನು ಆಚರಣೆಯ ಗುರಿಯನ್ನಾಗಿ ಮಾಡಿಕೊಂಡಲ್ಲಿ. ಬೆಟ್ಟದ ನೆತ್ತಿ ಎಲ್ಲಿದೆಯೆಂಬುದು ಅದನ್ನು ದಾಟಿ ಇಳಿಯತೊಡಗಿದ ಮೇಲಲ್ಲದೆ ತಿಳಿಯದು. ಕಡಲಿನಲ್ಲಿ ಮೀನೆಷ್ಟಿದೆ ಎಂಬುದನ್ನು ಹಿಡಿದ ಮೀನಿನ ಲೆಕ್ಕದಿಂದ ಊಹಿಸಬೇಕೇ ಹೊರತು ಎಣಿಸಿ ನೋಡುವಂತಿಲ್ಲ. ಆ ಲೆಕ್ಕವೇ ಸುಳ್ಳಾದರೆ ಊಹೆಯೂ ಸುಳ್ಳು. ಇಷ್ಟೆಲ್ಲ ಸಂದೇಹವಿರುವಲ್ಲಿ ನೆತ್ತಿಯ ಅಂಚಿನಲ್ಲಿಯೇ ನಿಲ್ಲಬೇಕೆಂದು ವಿಧಿಸುವುದು ವಿವೇಕವಲ್ಲ. ಕೆನಡಾದ ಮತ್ಸ್ಯವಿಜ್ಞಾನಿ ಪೀಟರ್ ಲಾರ್ಕಿನ್ ೧೯೭೭ರಲ್ಲಿಯೇ ಈ ಕಲ್ಪನೆಗೆ ಚರಮಲೇಖವೊಂದನ್ನು ಬರೆದು ಪ್ರಕಟಿಸಿದನು. ಶಾಸ್ತ್ರದಲ್ಲಿ ಸತ್ತದ್ದು ಒಡಂಬಡಿಕೆಯಲ್ಲಿ ಬದುಕಿಯೇ ಇತ್ತು.

ಕನ್ನಡಕ್ಕೆ ತರುವಾಗ ಈ ಬರಹದ ಮತ್ತೊಂದು ಗುಟ್ಟು ಬಯಲಾಗುತ್ತದೆ. ಮೀನಿನ ಗುಂಪಿಗೆ ಇಂಗ್ಲಿಷಿನಲ್ಲಿ ಬಳಸುವ ಸ್ಟಾಕ್ ಎಂಬ ಮಾತನ್ನು ನಾವು ಹೇಗೆ ಹೇಳಬೇಕು? ದಾಸ್ತಾನು ಎಂದರೆ ಅಂಗಡಿಯ ಮಾಲು. ತೆಗೆದಷ್ಟೂ ಕಡಮೆಯಾಗುವುದು ಅದರ ಧರ್ಮ. ಸಂತತಿ ಎಂದರೆ ಹುಟ್ಟಿ ಬೆಳೆದು ಮುಂದುವರಿಯುವುದು. ಇಂಗ್ಲಿಷಿನಲ್ಲಿ ಎರಡರ್ಥವೂ ಒಂದೇ ಪದದಲ್ಲಿ ಅಡಗಿ ಕುಳಿತಿವೆ. ಕನ್ನಡದಲ್ಲಿ ಒಂದನ್ನು ಆರಿಸಲೇಬೇಕು. ಆಯೋಗದ ವಿಜ್ಞಾನಿಗಳು ಆ ಪದವನ್ನು ಸಂತತಿ ಎಂಬ ಅರ್ಥದಲ್ಲಿ ಬರೆಯುತ್ತಿದ್ದರೆ ಪ್ರತಿನಿಧಿಗಳು ದಾಸ್ತಾನು ಎಂದು ಓದುತ್ತಿದ್ದರು ಎಂದರೆ ಮುಂದಿನ ಕಥೆಯ ಬಹುಭಾಗವನ್ನು ಹೇಳಿದಂತೆಯೇ.

೩

ಗುರಿಯ ಮಾತು ಹೀಗಾದರೆ ಸಾಧನೆಯ ಮಾತು ಇನ್ನೂ ಸಡಿಲ. ಆಯೋಗವು ಮಾಡತಕ್ಕದ್ದು ಶಿಫಾರಸು. ಅದನ್ನು ಸದಸ್ಯರಿಗೆ ತಿಳಿಸಿದ ಆರು ತಿಂಗಳಿಗೆ ಅದು ಬಂಧಕವಾಗುತ್ತದೆ. ಆದರೆ ಆ ಅವಧಿಯೊಳಗೆ ಯಾವ ರಾಷ್ಟ್ರವಾದರೂ ಆಕ್ಷೇಪವನ್ನು ಸಲ್ಲಿಸಿದರೆ ಅದರ ಮಟ್ಟಿಗೆ ಬಂಧನವಿಲ್ಲ. ಸಾರ್ವಭೌಮ ರಾಷ್ಟ್ರಗಳನ್ನು ಒಂದು ಮೇಜಿಗೆ ಕರೆತರಬೇಕಾದರೆ ಇಂಥ ಬಾಗಿಲೊಂದನ್ನು ತೆರೆದಿಡಬೇಕಾಗುತ್ತದೆ ಎಂಬ ಸಮಾಧಾನ ಇದಕ್ಕುಂಟು. ಅದು ನಿಜವೇ. ಆದರೆ ತೆರೆದ ಬಾಗಿಲು ಯಾರೂ ಹೊರಕ್ಕೆ ಹೋಗದಿದ್ದರೂ ಒಳಗಿನವರ ಮೇಲೆ ಪರಿಣಾಮ ಮಾಡುತ್ತದೆ. ಆಕ್ಷೇಪಕ್ಕಿಂತ ಆಕ್ಷೇಪದ ಭಯವೇ ಹೆಚ್ಚು ಕೆಲಸ ಮಾಡಿತು. ಎಲ್ಲರೂ ಒಪ್ಪುವಂಥದನ್ನೇ ಗೊತ್ತುಮಾಡುವ ಪದ್ಧತಿ ಬೆಳೆಯಿತು. ಎಲ್ಲರೂ ಒಪ್ಪುವ ಅಂಕಿಯೆಂದರೆ ಎಲ್ಲರ ಬಯಕೆಗಳೂ ಹಿಡಿಸುವಷ್ಟು ದೊಡ್ಡ ಅಂಕಿಯೆಂದೇ ಅರ್ಥವಾಯಿತು.

ಇದಕ್ಕೆ ಅಂಕಿಗಳೇ ಸಾಕ್ಷಿ. ೧೯೭೫ರಲ್ಲಿ ಜಾರಿಗೆ ಬಂದ ನಿಯಮದಂತೆ ೬.೪ ಕಿಲೋಗ್ರಾಮಿಗಿಂತ ಹಗುರವಾದ ನೀಲಿರೆಕ್ಕೆಯನ್ನು ಹಿಡಿಯಕೂಡದು. ಎಳೆಯ ಮೀನನ್ನು ಉಳಿಸುವ ಒಳ್ಳೆಯ ಉದ್ದೇಶ ಇದರಲ್ಲಿ ಕಾಣುತ್ತದೆ. ಆದರೆ ಈ ಮೀನು ಪೂರ್ವದ ಕಡಲಿನಲ್ಲಿ ಮೊಟ್ಟೆಯಿಡುವ ವಯಸ್ಸಿಗೆ ಬರುವುದು ಅದರ ನಾಲ್ಕೈದು ಪಟ್ಟು ತೂಗುವಾಗ. ಒಂದು ಸಲವೂ ಮೊಟ್ಟೆಯಿಡದ ಮೀನನ್ನು ಹಿಡಿಯಲು ನಿಯಮವೇ ಅನುಮತಿ ಕೊಟ್ಟಂತಾಯಿತು. ಈ ಮಿತಿಯನ್ನು, ಕೆಲವು ವಿನಾಯಿತಿಗಳೊಡನೆ, ೩೦ ಕಿಲೋಗ್ರಾಮಿಗೆ ಏರಿಸಲು ಒಪ್ಪಿದ್ದು ೨೦೦೬ರಲ್ಲಿ. ನಡುವೆ ಮೂರು ದಶಕಗಳು ಕಳೆದಿದ್ದುವು.

ಎರಡನೆಯದಾಗಿ ಗಡಿಯ ಮಾತು. ೧೯೮೦ರ ದಶಕದ ಆರಂಭದಲ್ಲಿ ಆಯೋಗವು ೪೫ ಡಿಗ್ರಿ ಪಶ್ಚಿಮ ರೇಖಾಂಶವನ್ನು ಗಡಿಯೆಂದಿಟ್ಟುಕೊಂಡು ಪೂರ್ವದ್ದೊಂದು ಹಿಂಡು, ಪಶ್ಚಿಮದ್ದೊಂದು ಹಿಂಡು ಎಂದು ಭಾಗಿಸಿತು. ಪಶ್ಚಿಮಕ್ಕೆ ೧೯೮೨ರಲ್ಲಿ ೧,೧೬೦ ಟನ್ನಿನ ಮಿತಿ ಬಂತು. ಮರುವರ್ಷವೇ ಅದು ೨,೬೬೦ ಟನ್ನಿಗೆ ಏರಿತು. ಪೂರ್ವಕ್ಕೆ ಒಟ್ಟು ಮಿತಿಯೆಂಬುದು ಮೊದಲಬಾರಿಗೆ ಗೊತ್ತಾದದ್ದು ೧೯೯೮ರಲ್ಲಿ. ಮೊಟ್ಟೆಯಿಡುವ ತಾಣ ಎರಡೆಂಬುದು ಸರಿಯೇ. ಆದರೆ ಮೇಯುವ ಕಾಲದಲ್ಲಿ ಎರಡೂ ಕಡೆಯ ಮೀನುಗಳು ಬೆರೆಯುತ್ತವೆ ಎಂಬುದನ್ನು, ಮುಂದೆ ಅವುಗಳ ಮೈಗೆ ಕಟ್ಟಿದ ವಿದ್ಯುನ್ಮಾನ ಗುರುತುಪಟ್ಟಿಗಳು ನಿಸ್ಸಂದೇಹವಾಗಿ ತೋರಿಸಿಕೊಟ್ಟುವು. ಪಶ್ಚಿಮದಲ್ಲಿ ಉಳಿಸಿದ ಮೀನನ್ನು ಪೂರ್ವದಲ್ಲಿ ಹಿಡಿಯಬಹುದಾಗಿತ್ತು. ನಕ್ಷೆಯ ಗೆರೆ ರಾಷ್ಟ್ರಗಳಿಗೆ ಅನುಕೂಲವಾಗಿತ್ತು. ಮೀನಿಗೆ ಅದರ ಅರಿವಿರಲಿಲ್ಲ.

ಮೂರನೆಯದು ಎಲ್ಲಕ್ಕಿಂತ ಗಂಭೀರವಾದುದು. ೧೯೯೦ರ ದಶಕದ ನಡುವಿನಿಂದ ಮೆಡಿಟರೇನಿಯನ್ ಕಡಲಿನಲ್ಲಿ ಹೊಸದೊಂದು ಉದ್ಯಮ ಬೆಳೆಯಿತು. ನಮ್ಮ ಕರಾವಳಿಯಲ್ಲಿ ಪರ್ಸೀನ್ ಎಂದು ಕರೆಯುವ ಬಗೆಯ ದೊಡ್ಡ ಸುತ್ತುಬಲೆಯಿಂದ ಜೀವಂತ ಟ್ಯೂನಾಗಳನ್ನು ಸುತ್ತುವರಿದು, ಕಡಲಿನಲ್ಲಿ ತೇಲುವ ಪಂಜರಗಳಿಗೆ ಸಾಗಿಸಿ, ತಿಂಗಳುಗಟ್ಟಲೆ ಸಣ್ಣ ಮೀನುಗಳನ್ನು ತಿನ್ನಿಸಿ ಕೊಬ್ಬಿಸಿ, ಜಪಾನಿನ ಮಾರುಕಟ್ಟೆಗೆ ಕಳುಹಿಸುವುದು ಅದರ ಕ್ರಮ. ಇದನ್ನು ಸಾಕಣೆ ಎಂದು ಕರೆದರು. ಸಾಕಣೆಯೆಂದರೆ ಮರಿಯಿಂದ ಬೆಳೆಸುವುದೆಂದು ನಾವು ತಿಳಿಯುತ್ತೇವೆ. ಇಲ್ಲಿ ಸಾಕಿದ್ದು ಕಾಡಿನಿಂದ ಹಿಡಿದು ತಂದ ಪ್ರಾಣಿಯನ್ನು. ಬಲೆಯಿಂದ ಪಂಜರಕ್ಕೆ ನೀರಿನೊಳಗೇ ದಾಟುವ ಮೀನನ್ನು ತೂಗುವವರು ಯಾರು, ಎಣಿಸುವವರು ಯಾರು? ೨೦೦೩ರಿಂದ ೨೦೦೬ರವರೆಗೆ ಪೂರ್ವಕ್ಕೆ ವಿಧಿಸಿದ್ದ ಮಿತಿ ವರ್ಷಕ್ಕೆ ೩೨,೦೦೦ ಟನ್ನು. ನಿಜವಾಗಿ ಹಿಡಿದದ್ದು ವರ್ಷಕ್ಕೆ ೫೦,೦೦೦ ಟನ್ನಿನ ಸುಮಾರಿಗೆ ಇದ್ದಿರಬೇಕೆಂದು ಆಯೋಗದ ವಿಜ್ಞಾನಿಗಳೇ ಮುಂದೆ ಅಂದಾಜು ಮಾಡಿದರು. ೨೦೦೬ರಲ್ಲಿ ಕ್ರೊಯೇಷಿಯದ ದುಬ್ರೋವ್ನಿಕ್ ಸಭೆ ಹದಿನೈದು ವರ್ಷಗಳ ಪುನರುಜ್ಜೀವನದ ಯೋಜನೆಯೊಂದನ್ನು ಅಂಗೀಕರಿಸಿತು. ವಿಜ್ಞಾನಿಗಳು ಸೂಚಿಸಿದ್ದು ೧೫,೦೦೦ ಟನ್ನಿನ ಸುಮಾರು. ಸಭೆ ಗೊತ್ತುಮಾಡಿದ್ದು ೨೯,೫೦೦ ಟನ್ನು. ಆ ವರ್ಷ, ಎಂದರೆ ೨೦೦೭ರಲ್ಲಿ, ಕಡಲಿನಿಂದ ಹೊರಬಂದದ್ದು ೬೧,೦೦೦ ಟನ್ನೆಂದು ಅಂದಾಜು. ಸಲಹೆಯ ಇಮ್ಮಡಿ ನಿಯಮ, ನಿಯಮದ ಇಮ್ಮಡಿ ಆಚರಣೆ. ಪುನರುಜ್ಜೀವನವೆಂಬ ಪದಕ್ಕೆ ಇದಕ್ಕಿಂತ ಹೆಚ್ಚಿನ ಅವಮಾನವನ್ನು ಕಲ್ಪಿಸುವುದು ಕಷ್ಟ.

೨೦೦೮ರಲ್ಲಿ ಆಯೋಗವೇ ನೇಮಿಸಿದ ಸ್ವತಂತ್ರ ಪರಿಶೀಲಕರು, ಈ ಮೀನುಗಾರಿಕೆಯ ನಿರ್ವಹಣೆ ಅಂತರರಾಷ್ಟ್ರೀಯ ಅಪಕೀರ್ತಿಗೆ ಕಾರಣವಾಗಿದೆ ಎಂದು ಮುಚ್ಚುಮರೆಯಿಲ್ಲದೆ ಬರೆದರು. ಹೊರಗಿನ ವಿಮರ್ಶಕರಂತೂ ಆಯೋಗದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಬೇರೆ ರೀತಿಯಾಗಿ ಬಿಡಿಸಿ, ಟ್ಯೂನಾಗಳನ್ನೆಲ್ಲ ಹಿಡಿದು ಮುಗಿಸುವ ಅಂತರರಾಷ್ಟ್ರೀಯ ಒಳಸಂಚು ಎಂದು ಹಾಸ್ಯ ಮಾಡುತ್ತಿದ್ದರು.

೪

ಇಷ್ಟಕ್ಕೇ ನಿಂತರೆ ನಮ್ಮ ವಿಮರ್ಶೆ ಸುಲಭವಾಗುತ್ತಿತ್ತು. ಬರಹ ಕೆಟ್ಟದ್ದು, ಫಲವೂ ಕೆಟ್ಟದ್ದು ಎಂದು ಹೇಳಿ ಮುಗಿಸಬಹುದಾಗಿತ್ತು. ಆದರೆ ಮುಂದೆ ನಡೆದದ್ದು ಬೇರೆ.

ಅಳಿವಿನ ಅಂಚಿನಲ್ಲಿರುವ ಜೀವಜಾತಿಗಳ ವ್ಯಾಪಾರವನ್ನು ನಿಯಂತ್ರಿಸುವ, ಸೈಟಿಸ್ ಎಂದು ಪ್ರಸಿದ್ಧವಾದ ಬೇರೊಂದು ಒಡಂಬಡಿಕೆಯುಂಟು. ಅದರ ಮೊದಲನೆಯ ಅನುಬಂಧದಲ್ಲಿ ಸೇರಿದ ಪ್ರಾಣಿಯ ಅಂತರರಾಷ್ಟ್ರೀಯ ವ್ಯಾಪಾರ ನಿಂತುಹೋಗುತ್ತದೆ. ೧೯೯೨ರಲ್ಲಿ ಜಪಾನಿನ ಕ್ಯೋಟೊ ಸಭೆಯಲ್ಲಿ ಪಶ್ಚಿಮದ ನೀಲಿರೆಕ್ಕೆಯನ್ನು ಅದರಲ್ಲಿ ಸೇರಿಸಬೇಕೆಂದು ಸ್ವೀಡನ್ ಸೂಚಿಸಿ, ಅನಂತರ ಸೂಚನೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ಹದಿನೆಂಟು ವರ್ಷಗಳ ಮೇಲೆ, ೨೦೧೦ರ ಮಾರ್ಚಿಯಲ್ಲಿ, ಕತಾರಿನ ದೋಹಾ ಸಭೆಯಲ್ಲಿ ಮೊನಾಕೊ ಎಂಬ ಪುಟ್ಟ ರಾಷ್ಟ್ರ ಅಟ್ಲಾಂಟಿಕ್ ನೀಲಿರೆಕ್ಕೆಯನ್ನೆಲ್ಲ ಸೇರಿಸಬೇಕೆಂಬ ಸೂಚನೆಯನ್ನು ಮಂಡಿಸಿತು. ಜಪಾನ್ ವಿರೋಧದ ಮುಂದಾಳಾಗಿ ನಿಂತಿತು. ಪರವಾಗಿ ೨೦, ವಿರೋಧವಾಗಿ ೬೮, ತಟಸ್ಥವಾಗಿ ೩೦ ಮತಗಳು ಬಂದು ಸೂಚನೆ ಬಿದ್ದುಹೋಯಿತು.

ಸೋತ ಸೂಚನೆಯೇ ಗೆದ್ದಿತೆಂದು ಹೇಳಬೇಕಾಗಿದೆ. ಕಾಲಾನುಕ್ರಮವನ್ನು ನೋಡಿ. ೨೦೦೮ರ ಮರಕೇಶ್ ಸಭೆಯಲ್ಲಿ ಮುಂದಿನ ವರ್ಷಕ್ಕೆ ೨೨,೦೦೦ ಟನ್ನೆಂದು ಗೊತ್ತಾಗಿತ್ತು. ೨೦೦೯ರಲ್ಲಿ ಮೊನಾಕೊದ ಸೂಚನೆ ಸಲ್ಲಿಕೆಯಾದ ಮೇಲೆ, ಅದು ಮತಕ್ಕೆ ಬರುವ ಮುನ್ನವೇ, ಬ್ರೆಜಿಲಿನ ರೆಸಿಫೆಯಲ್ಲಿ ಸೇರಿದ ಆಯೋಗ ೧೩,೫೦೦ ಟನ್ನಿಗೆ ಇಳಿಯಿತು. ದೋಹಾದಲ್ಲಿ ಗೆದ್ದ ರಾಷ್ಟ್ರಗಳ ವಾದ, ಈ ಮೀನನ್ನು ಕಾಯುವ ಹೊಣೆ ಮ್ಯಾಡ್ರಿಡ್ ಆಯೋಗದ್ದೇ ಎಂಬುದಾಗಿತ್ತು. ಹಾಗೆ ವಾದಿಸಿ ಗೆದ್ದವರು ಕಾಯಲೇಬೇಕಾಯಿತು. ೨೦೧೦ರ ಪ್ಯಾರಿಸ್ ಸಭೆ ೧೨,೯೦೦ ಟನ್ನಿಗೆ ಇಳಿಸಿತು. ಇದರ ಜೊತೆಗೆ ಸುತ್ತುಬಲೆಯ ಹಡಗುಗಳಿಗೆ ವರ್ಷಕ್ಕೆ ಒಂದೇ ತಿಂಗಳ ಅವಧಿ, ಹಡಗಿನ ಮೇಲೊಬ್ಬ ವೀಕ್ಷಕ, ಹಿಡಿದಲ್ಲಿಂದ ಮಾರುವವರೆಗೆ ಮೀನಿನೊಡನೆ ಸಾಗುವ ದಾಖಲೆಪತ್ರ, ಪಂಜರಕ್ಕೆ ದಾಟಿಸುವಾಗ ನೀರಿನೊಳಗಿನ ಚಲನಚಿತ್ರ ಇವೆಲ್ಲ ಒಂದೊಂದಾಗಿ ಬಂದುವು.

ಮೀನು ಹಿಂದಿರುಗಿತು. ೧೯೬೦ರ ದಶಕದಲ್ಲಿ ನಾರ್ವೆಯ ಕಡಲಿನಿಂದ ಮಾಯವಾಗಿದ್ದ ನೀಲಿರೆಕ್ಕೆ ೨೦೧೨ರ ಸುಮಾರಿನಿಂದ ಅಲ್ಲಿ ಮತ್ತೆ ಕಾಣಿಸಿಕೊಂಡಿತು. ಮಿತಿಯನ್ನು ಮೆಲ್ಲಮೆಲ್ಲನೆ ಏರಿಸಿ ೨೦೨೦ಕ್ಕೆ ೩೬,೦೦೦ ಟನ್ನಿಗೂ, ೨೦೨೩ಕ್ಕೆ ೪೦,೫೭೦ ಟನ್ನಿಗೂ ತರಲಾಯಿತು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ೨೦೧೧ರಲ್ಲಿ ಅಪಾಯಕ್ಕೊಳಗಾದುದೆಂದು ಪಟ್ಟಿಮಾಡಿದ್ದ ಈ ಜಾತಿಯನ್ನು ೨೦೨೧ರಲ್ಲಿ ಕನಿಷ್ಠ ಆತಂಕದ ವರ್ಗಕ್ಕೆ ಸೇರಿಸಿತು.

ಹಾಗಾದರೆ ಹಾಸ್ಯ ಮಾಡಿದ ವಿಮರ್ಶಕರು ತಪ್ಪಿದರೆ? ಆಯೋಗದ ಅಭಿಮಾನಿಗಳು ಹಾಗೆಂದೇ ಹೇಳುತ್ತಾರೆ. ಒಡಂಬಡಿಕೆಯ ಒಂದು ಅಕ್ಷರವೂ ಬದಲಾಗದೆ ಮೀನು ಉಳಿಯಿತಲ್ಲ. ಆದ್ದರಿಂದ ದೋಷ ಬರಹದ್ದಲ್ಲ, ಬಳಸಿದವರದು ಎಂಬುದು ಅವರ ವಾದ. ಇದರಲ್ಲಿ ತಥ್ಯವಿದೆ, ಮೊದಲ ನೋಟಕ್ಕೆ ನಾವು ಬರಹದ ಮೇಲೆ ಹೊರಿಸಿದ ಆಪಾದನೆಯನ್ನು ಇದು ಸ್ವಲ್ಪಮಟ್ಟಿಗೆ ಕಡಮೆ ಮಾಡುತ್ತದೆ ಎಂದು ಒಪ್ಪಬೇಕು. ಆದರೆ ಪೂರ್ತಿಯಾಗಿ ಅಲ್ಲ. ಕಾರಣಗಳು ಮೂರು. ಮೊದಲನೆಯದು, ಒತ್ತಾಯ ಬಂದದ್ದು ಒಡಂಬಡಿಕೆಯ ಒಳಗಿನಿಂದಲ್ಲ. ಹೊರಗಿನ ಬೇರೊಂದು ಒಡಂಬಡಿಕೆಯ ಬೆದರಿಕೆಯಿಂದ, ಲೋಕದ ನಾಚಿಕೆಯಿಂದ. ಎರಡನೆಯದು, ಪ್ರಕೃತಿಯ ಕೃಪೆ. ೨೦೦೩ರಲ್ಲಿ ಹುಟ್ಟಿದ ಮರಿಗಳ ಪೀಳಿಗೆ ಅಸಾಧಾರಣವಾಗಿ ದೊಡ್ಡದಾಗಿತ್ತೆಂದು ಮುಂದೆ ತಿಳಿಯಿತು. ಬಿಗಿಯಾದ ನಿಯಮ ಬಂದಾಗ ಕಾಯುವುದಕ್ಕೆ ಮೀನಿದ್ದದ್ದು ಅದರಿಂದ. ಅಂಥ ಪೀಳಿಗೆ ಹುಟ್ಟದ ವರ್ಷಗಳಾಗಿದ್ದರೆ ಅದೇ ನಿಯಮ ಬರಿಯ ಕಡಲನ್ನು ಕಾಯುತ್ತಿತ್ತೋ ಏನೋ. ಮೂರನೆಯದು, ಜಾತಿ ಉಳಿಯಿತೆಂದ ಮಾತ್ರಕ್ಕೆ ಎಲ್ಲ ಸಂತತಿಯೂ ಉಳಿದಂತಲ್ಲ. ಮೆಕ್ಸಿಕೊ ಕೊಲ್ಲಿಯಲ್ಲಿ ಮೊಟ್ಟೆಯಿಡುವ ಪಶ್ಚಿಮದ ಚಿಕ್ಕ ಸಂತತಿ ೧೯೭೦ರ ದಶಕದಿಂದ ಅರ್ಧಕ್ಕಿಂತಲೂ ಕಡಮೆಯಾಗಿದೆ ಎಂದು ಮೇಲೆ ಹೇಳಿದ ಒಕ್ಕೂಟವೇ ೨೦೨೧ರಲ್ಲಿ ಎಚ್ಚರಿಸಿತು. ಕಳ್ಳವ್ಯಾಪಾರವೂ ನಿಂತಿರಲಿಲ್ಲ. ೨೦೧೮ರಲ್ಲಿ ಯೂರೋಪಿನ ಪೊಲೀಸರು ಬಯಲಿಗೆಳೆದ ಜಾಲವೊಂದರ ವಹಿವಾಟು ವರ್ಷಕ್ಕೆ ೨,೫೦೦ ಟನ್ನಿನಷ್ಟಿತ್ತೆಂದು ಅವರೇ ಅಂದಾಜು ಮಾಡಿದರು.

೫

ಬರಹದ ಮಾತು ನಿಜಕ್ಕೂ ಫಲವನ್ನು ನಿರ್ಣಯಿಸಬಲ್ಲುದೆ ಎಂದು ಇನ್ನೂ ಸಂದೇಹಪಡುವವರಿಗೆ ದಕ್ಷಿಣದ ಕಡಲಿನ ಒಂದು ನಿದರ್ಶನವನ್ನು ಕೊಡಬಹುದು. ದಕ್ಷಿಣದ ನೀಲಿರೆಕ್ಕೆಯ ಟ್ಯೂನಾಕ್ಕಾಗಿ ಆಸ್ಟ್ರೇಲಿಯ, ನ್ಯೂಜಿಲೆಂಡ್, ಜಪಾನ್ ಈ ಮೂರು ರಾಷ್ಟ್ರಗಳು ೧೯೯೩ರಲ್ಲಿ ಒಂದು ಒಡಂಬಡಿಕೆಗೆ ಸಹಿ ಹಾಕಿದುವು. ೧೯೯೮ರಲ್ಲಿ ಜಪಾನ್ ಪ್ರಯೋಗಾರ್ಥವಾದ ಮೀನುಗಾರಿಕೆ ಎಂಬ ಹೆಸರಿನಲ್ಲಿ ತನ್ನ ಪಾಲಿಗಿಂತ ಹೆಚ್ಚು ಹಿಡಿಯತೊಡಗಿತು. ಉಳಿದೆರಡು ರಾಷ್ಟ್ರಗಳು ಸಮುದ್ರ ಕಾನೂನಿನ ಅಂತರರಾಷ್ಟ್ರೀಯ ನ್ಯಾಯಮಂಡಲಿಗೆ ದೂರು ಕೊಟ್ಟುವು. ೧೯೯೯ರ ಆಗಸ್ಟಿನಲ್ಲಿ ಮಂಡಲಿ ಆ ಪ್ರಯೋಗಕ್ಕೆ ತಾತ್ಕಾಲಿಕ ತಡೆಯನ್ನು ವಿಧಿಸಿತು. ಆದರೆ ಮರುವರ್ಷ ವಿಚಾರಣೆಗೆ ಕುಳಿತ ಪಂಚಾಯಿತಿ, ೧೯೯೩ರ ಒಡಂಬಡಿಕೆಯ ಹದಿನಾರನೆಯ ವಿಧಿಯ ಮಾತನ್ನು ಬಿಡಿಸಿ ಓದಿ, ವಿವಾದವನ್ನು ಎಲ್ಲ ಪಕ್ಷಗಳ ಒಪ್ಪಿಗೆಯಿಲ್ಲದೆ ನ್ಯಾಯಪೀಠಕ್ಕೆ ಒಯ್ಯಲು ಅದರಲ್ಲಿ ಎಡೆಯಿಲ್ಲವೆಂದು ತೀರ್ಮಾನಿಸಿ, ತನಗೆ ಅಧಿಕಾರವಿಲ್ಲವೆಂದಿತು, ತಡೆಯೂ ರದ್ದಾಯಿತು. ಒಂದು ವಿಧಿಯ ವಾಕ್ಯರಚನೆ ಒಂದು ಮೀನಿನ ಹಣೆಬರಹವನ್ನು ಬರೆದ ಸಂದರ್ಭವಿದು. ೨೦೦೬ರಲ್ಲಿ ಜಪಾನ್ ವರ್ಷಗಟ್ಟಲೆ ಮಿತಿಮೀರಿ ಹಿಡಿದಿತ್ತೆಂಬುದು ಹೊರಬಿದ್ದು, ಅದರ ಪಾಲು ೬,೦೬೫ ಟನ್ನಿನಿಂದ ೩,೦೦೦ ಟನ್ನಿಗೆ ಇಳಿಯಿತು. ಇಲ್ಲಿಯೂ ಚೇತರಿಕೆ ಆರಂಭವಾದದ್ದು ಲೆಕ್ಕ ಸರಿಯಾದ ಮೇಲೆಯೇ.

೬

ಈ ವಿಚಾರ ನಮಗೆ ದೂರದ್ದೆಂದು ಯಾರೂ ತಿಳಿಯಬಾರದು. ನಮ್ಮ ಹಿಂದೂ ಮಹಾಸಾಗರಕ್ಕೂ ಟ್ಯೂನಾ ಆಯೋಗವೊಂದುಂಟು. ೧೯೯೬ರಲ್ಲಿ ಜಾರಿಗೆ ಬಂದ ಒಪ್ಪಂದದಿಂದ ಹುಟ್ಟಿದ ಇದರ ಕಚೇರಿ ಸೇಶೆಲ್ಸ್ ದ್ವೀಪಗಳಲ್ಲಿದೆ; ಭಾರತವೂ ಇದರ ಸದಸ್ಯ. ಇದರ ಒಪ್ಪಂದದಲ್ಲಿಯೂ ಆಕ್ಷೇಪದ ಬಾಗಿಲು ಇದೆ. ಅವಧಿ ೧೨೦ ದಿನ. ೨೦೧೫ರ ಗಣನೆ ಹಳದಿರೆಕ್ಕೆಯ ಟ್ಯೂನಾವನ್ನು ಮಿತಿಮೀರಿ ಹಿಡಿಯಲಾಗಿದೆ ಎಂದು ತೋರಿಸಿದ ಮೇಲೆ ೨೦೧೬ರಲ್ಲಿ ಕಡಿತದ ನಿರ್ಣಯ ಬಂತು. ಅದನ್ನು ಬಿಗಿಮಾಡಿದ ೨೦೨೧ರ ನಿರ್ಣಯಕ್ಕೆ ಆಕ್ಷೇಪ ಸಲ್ಲಿಸಿದವರಲ್ಲಿ ಭಾರತವೂ ಒಂದು. ೨೦೨೩ರಲ್ಲಿ, ಮೀನನ್ನು ಆಕರ್ಷಿಸಲು ಕಡಲಿನಲ್ಲಿ ತೇಲಿಬಿಡುವ ತೆಪ್ಪಗಳಿಗೆ ವರ್ಷಕ್ಕೆ ೭೨ ದಿನಗಳ ನಿಷೇಧವನ್ನು ವಿಧಿಸುವ ನಿರ್ಣಯ ಬಂದಾಗ ಯೂರೋಪಿನ ಒಕ್ಕೂಟ ಆಕ್ಷೇಪಿಸಿತು.

ಈ ಎರಡು ಆಕ್ಷೇಪಗಳೂ ಒಂದೇ ತೂಕದವೆ? ಇಲ್ಲಿ ಪಕ್ಷಪಾತವಿಲ್ಲದೆ ವಿಚಾರ ಮಾಡಬೇಕು. ಈ ಸಾಗರದ ಟ್ಯೂನಾದಲ್ಲಿ ಸುಮಾರು ಅರ್ಧದಷ್ಟನ್ನು ಹಿಡಿಯುವವರು ಕರೆಯ ರಾಷ್ಟ್ರಗಳ ಸಣ್ಣ ದೋಣಿಯವರು. ಲಕ್ಷದ್ವೀಪದ ಮಿನಿಕಾಯ್‌ನವರು ಜೀವಂತ ಎರೆಯನ್ನು ಎರಚಿ, ಕೋಲಿನ ಗಾಳದಿಂದ ಒಂದೊಂದೇ ಮೀನನ್ನು ಎತ್ತುತ್ತಾರೆ. ಅದನ್ನು ಬೇಯಿಸಿ, ಹೊಗೆಯಾಡಿಸಿ, ಒಣಗಿಸಿ ಮಾಸ್ ಎಂಬ ಹೆಸರಿನಲ್ಲಿ ಮಾರುತ್ತಾರೆ. ಸಾವಿರಾರು ಮೈಲಿ ದೂರದಿಂದ ಬಂದು ಒಂದೇ ಬೀಸಿಗೆ ಹಿಂಡನ್ನೆಲ್ಲ ಸುತ್ತುವ ಹಡಗನ್ನೂ ಈ ದೋಣಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ ಎಂಬ ನಮ್ಮವರ ವಾದ ಯೋಗ್ಯವಾದುದು. ಹಿಂದೆ ಹಿಡಿದದ್ದರ ಆಧಾರದ ಮೇಲೆ ಮುಂದಿನ ಪಾಲನ್ನು ಹಂಚಿದರೆ ಹೆಚ್ಚು ದೋಚಿದವನಿಗೇ ಹೆಚ್ಚು ಹಕ್ಕು ಬಂದಂತಾಗುತ್ತದೆ ಎಂಬುದೂ ನಿಜ. ೧೯೭೦ರ ದಶಕದ ಕೊನೆಯಲ್ಲಿ ಪರ್ಸೀನ್ ದೋಣಿಗಳು ಬಂದು ರಾಂಪಣಿ ಬಲೆಯವರ ಬದುಕನ್ನು ಕಸಿದುಕೊಂಡದ್ದನ್ನು ನೋಡಿದ ಕರ್ನಾಟಕದ ಕರಾವಳಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ.

ಆದರೆ ನ್ಯಾಯವಾದ ವಾದವೂ ಲೆಕ್ಕವಿಲ್ಲದಿದ್ದರೆ ದುರ್ಬಲವಾಗುತ್ತದೆ. ಸಣ್ಣ ದೋಣಿಗಳು ಸಾವಿರಾರು. ಹರಡಿರುವ ಬಂದರುಗಳು ನೂರಾರು. ಅವು ಹಿಡಿದದ್ದೆಷ್ಟು, ಯಾವ ಜಾತಿಯದು, ಯಾವ ಗಾತ್ರದ್ದು ಎಂಬ ಎಣಿಕೆ ಬಿಗಿಯಾಗಿಲ್ಲದಿರುವಾಗ, ನಮ್ಮದು ಅಲ್ಪವೆಂಬ ಮಾತನ್ನು ಎದುರಾಳಿ ಏಕೆ ನಂಬಬೇಕು? ೨೦೨೪ರ ಹೊಸ ಗಣನೆ ಅದೇ ಹಳದಿರೆಕ್ಕೆಯ ಸ್ಥಿತಿ ಹಿಂದೆ ಭಾವಿಸಿದಷ್ಟು ಕೆಟ್ಟಿಲ್ಲವೆಂದಿತು. ಇದನ್ನು ಕೇಳಿ, ಆಕ್ಷೇಪಿಸಿದ್ದೇ ಸರಿಯಾಯಿತು ಎಂದು ಹಿಗ್ಗುವುದು ತರವಲ್ಲ. ಎಣಿಕೆಯ ವಿಧಾನ ಸುಧಾರಿಸಿದಾಗ ತೀರ್ಪು ಹೀಗೂ ತಿರುಗಬಹುದು, ಹಾಗೂ ತಿರುಗಬಹುದು. ಬಡವನ ಹಕ್ಕನ್ನು ಕಾಯುವ ದಾರಿ ಆಕ್ಷೇಪವೊಂದೇ ಅಲ್ಲ. ಹಂಚಿಕೆಯ ಸೂತ್ರವನ್ನು ಬದಲಿಸುವುದು, ಅದಕ್ಕೆ ಬೇಕಾದ ಲೆ್ಕವನ್ನು ತಾನೇ ಒದಗಿಸುವುದು.

೭

ಇದುವರೆಗಿನ ವಿವೇಚನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು.

ಒಡಂಬಡಿಕೆಯ ಮಾತು ತಾನಾಗಿ ಮೀನನ್ನು ಕೊಲ್ಲಲೂ ಇಲ್ಲ, ಉಳಿಸಲೂ ಇಲ್ಲ. ಆದರೆ ಯಾವ ತಪ್ಪನ್ನು ನಾಚಿಕೆಯಿಲ್ಲದೆ ಮಾಡಬಹುದು ಎಂಬುದನ್ನು ಅದು ಗೊತ್ತುಮಾಡಿತು. ಗರಿಷ್ಠವೆಂಬ ಪದವನ್ನು ಗುರಿಯೆಂದು ಬರೆದದ್ದರಿಂದ, ಅಂಚಿನಲ್ಲಿ ನಡೆಯುವುದು ದೋಷವೆಂದು ಯಾರಿಗೂ ತೋರಲಿಲ್ಲ. ಅದನ್ನು ಮೀರಬಾರದ ಎಲ್ಲೆಯೆಂದು ಬರೆದಿದ್ದರೆ ೨೦೦೬ರ ಸಭೆ ಅದೇ ಅಂಕಿಯನ್ನು ಆರಿಸಿದ್ದರೂ, ಒಡಂಬಡಿಕೆಯನ್ನು ಮುರಿದೆವೆಂಬ ಅರಿವಿನಿಂದ ಆರಿಸಬೇಕಾಗುತ್ತಿತ್ತು. ೧೯೯೫ರಲ್ಲಿ ವಿಶ್ವಸಂಸ್ಥೆಯಲ್ಲಿ ಸಿದ್ಧವಾದ ಮತ್ಸ್ಯ ಒಪ್ಪಂದ ಈ ಬಗೆಯ ಎಚ್ಚರಿಕೆಯ ಭಾಷೆಯನ್ನು ಬಳಕೆಗೆ ತಂದಿತು. ಭಾರತ ೨೦೦೩ರಲ್ಲಿ ಅದನ್ನು ಒಪ್ಪಿಕೊಂಡಿತು. ಅಟ್ಲಾಂಟಿಕ್ ಆಯೋಗವೂ ೨೦೧೯ರಲ್ಲಿ ತನ್ನ ಒಡಂಬಡಿಕೆಗೆ ತಿದ್ದುಪಡಿಯನ್ನು ಅಂಗೀಕರಿಸಿತು. ಗರಿಷ್ಠ ಇಳುವರಿ ಕೊಡಬಲ್ಲ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಮೀನಿನ ಸಂಖ್ಯೆ ಇರಬೇಕು ಎಂಬುದು ಹೊಸ ಮಾತಿನ ಸಾರ. ಮೇಲೆ ಎಂಬ ಒಂದು ಪದ ಸೇರುವುದಕ್ಕೆ ಐವತ್ತಮೂರು ವರ್ಷಗಳು ಬೇಕಾದುವು. ೨೦೨೨ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟು, ಗಣನೆ ಇಂತಿಷ್ಟು ಬಂದರೆ ಮಿತಿ ಇಂತಿಷ್ಟು ಎಂಬ ಸೂತ್ರವನ್ನು ಮೊದಲೇ ಒಪ್ಪಿಕೊಳ್ಳುವ ಪದ್ಧತಿಯನ್ನು ನೀಲಿರೆಕ್ಕೆಗೆ ಅನ್ವಯಿಸಿದರು. ವರ್ಷವರ್ಷವೂ ಚೌಕಾಶಿಗೆ ಕೂರುವುದಕ್ಕಿಂತ ಇದು ಮೇಲು.

ಎರಡನೆಯ ತೀರ್ಮಾನ ವಿಮರ್ಶಕರಾದ ನಮಗೆ ಸಂಬಂಧಿಸಿದ್ದು. ಆಯೋಗವನ್ನು ಹಳಿದವರು ಮೀನು ಹಿಂದಿರುಗಿದಾಗ ತಮ್ಮ ಮಾತು ಸುಳ್ಳಾಯಿತೆಂದು ಮರುಗಬೇಕಾಗಿಲ್ಲ. ಅವರ ಹಳಿಯುವಿಕೆಯೂ ಮೀನು ಹಿಂದಿರುಗಿದ ಕಾರಣಗಳಲ್ಲಿ ಒಂದು. ಆದರೆ ಒಂದು ಸಂಸ್ಥೆ ತಿದ್ದಿಕೊಂಡಾಗ ಅದನ್ನು ಗುರುತಿಸದೆ ಹಳೆಯ ಹಾಸ್ಯವನ್ನೇ ಹೇಳುತ್ತಿರುವುದೂ ವಿಮರ್ಶೆಯಲ್ಲ. ಗುಣವನ್ನು ಗುಣವೆಂದೂ ದೋಷವನ್ನು ದೋಷವೆಂದೂ, ಅವುಗಳ ಕಾಲದೊಡನೆ ಹೇಳುವುದು ನಮ್ಮ ಕೆಲಸ.

ಕೊನೆಯದಾಗಿ ಒಂದು ಮಾತು. ಕಾಲೇಜುಗಳಲ್ಲಿ ನಾವು ಭಾಷೆಯನ್ನು ಕಲಿಸುತ್ತೇವೆ. ಪದದ ಅರ್ಥವನ್ನೂ ವಾಕ್ಯದ ಸಂದಿಗ್ಧತೆಯನ್ನೂ ಬಿಡಿಸಿ ತೋರಿಸುವ ಈ ವಿದ್ಯೆ ಪರೀಕ್ಷೆಗೆ ಮಾತ್ರ ಮೀಸಲಾಗಬೇಕಾಗಿಲ್ಲ. ಮುಂದಿನ ಒಡಂಬಡಿಕೆಗಳ ಮೇಜಿನಲ್ಲಿ ನಮ್ಮ ವಿದ್ಯಾರ್ಥಿಗಳಲ್ಲಿ ಒಬ್ಬನೋ ಒಬ್ಬಳೋ ಕುಳಿತಿರಬಹುದು. ಸಂತತಿ ಎನ್ನಬೇಕಾದಲ್ಲಿ ದಾಸ್ತಾನು ಎಂದು ಬರೆಯಹೊರಟ ಕೈಯನ್ನು ಆ ವಿದ್ಯಾರ್ಥಿ ತಡೆದರೆ, ನಾವು ಕಲಿಸಿದ್ದು ಸಾರ್ಥಕವಾಯಿತು.